ನೇರಳೆ ಶಾಯಿಯ ಮೂರು ಪುಟ

ಐದು ತಿಂಗಳು ಕಾದ ಮೇಲೆ ಫೆಲೋಶಿಪ್ಪಿನ ಹಣ ಒಟ್ಟಿಗೇ ಖಾತೆಗೆ ಬಂದ ದಿನ ನಾನು ಮಾಡಿದ ಮೊದಲ ಕೆಲಸ ರೂಮ್‌ಮೇಟಿನ ಸಾಲ ತೀರಿಸಿದ್ದು. ಎರಡನೆಯದು, ಒಂದು ಬಾಟಲಿ ಇಂಕು ಕೊಂಡದ್ದು. 50 ಮಿಲಿಲೀಟರಿನ ಆ ಗಾಜಿನ ಬಾಟಲಿಗೆ ಕೊಟ್ಟ ದುಡ್ಡಿನಲ್ಲಿ ಹಾಸ್ಟೆಲ್ ಮೆಸ್ಸಿನಲ್ಲಿ ಹದಿನೈದು ದಿನ ಊಟ ಮಾಡಬಹುದಿತ್ತು. ಅಮ್ಮನಿಗೆ ಫೋನಿನಲ್ಲಿ ಅರ್ಧ ಬೆಲೆ ಹೇಳಿದೆ. ಅದಕ್ಕೇ ಅವಳು, "ಅಷ್ಟು ದುಡ್ಡಿಗೆ ಪೆನ್ನೂ ಬರಲ್ವೇನೇ? ಬರೀ ಇಂಕಾ?" ಅಂದಳು.

ನಮ್ಮ ಮನೆಯಲ್ಲಿ ಇಂಕಿಗೆ ಇದ್ದದ್ದು ಎರಡೇ ಬಣ್ಣ. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಬರೆಯುವುದಕ್ಕೆ ನೀಲಿ, ತಿದ್ದುವುದಕ್ಕೆ ಕೆಂಪು. ಬ್ರಿಲ್ಲೋ ಕ್ಯಾಮೆಲ್ಲೋ, ಅಂಗಡಿಯಲ್ಲಿ ಯಾವುದಿದೆಯೋ ಅದು. ಹಸಿರು ಇಂಕು ಗೆಜೆಟೆಡ್ ಅಧಿಕಾರಿಗಳದ್ದು, ನಾವು ಮುಟ್ಟುವಂಥದ್ದಲ್ಲ ಎಂಬ ಭಯಭಕ್ತಿ ಬೇರೆ. ಪರೀಕ್ಷೆಯಲ್ಲಂತೂ ನೀಲಿ, ಕಪ್ಪು ಬಿಟ್ಟು ಬೇರೆ ಬಣ್ಣಕ್ಕೆ ಪ್ರವೇಶವೇ ಇಲ್ಲ. ಹೀಗೆ ಕಾಗದದ ಮೇಲಿನ ಪ್ರತಿ ಬಣ್ಣಕ್ಕೂ ಒಬ್ಬೊಬ್ಬ ಯಜಮಾನರಿದ್ದರು. ನೇರಳೆಗೆ ಮಾತ್ರ ಯಾರೂ ಇರಲಿಲ್ಲ. ನೇರಳೆ ಅಂದರೆ ಶಾಲೆಯ ಹಿಂದಿನ ಮರ, ನಾಲಿಗೆ ಚಾಚಿ ಬಣ್ಣ ತೋರಿಸುವ ಪಂದ್ಯ, ಯೂನಿಫಾರ್ಮಿನ ಬಿಳಿ ಶರಟಿನ ಮೇಲೆ ಅಮ್ಮ ಎಷ್ಟು ತಿಕ್ಕಿದರೂ ಹೋಗದ ಕಲೆ. ಇಂಕು ಕೊಳ್ಳುವುದಾದರೆ ಆ ಬಣ್ಣದ್ದೇ ಎಂದು ನಿರ್ಧಾರವಾಗಿತ್ತು.

ಶೋಕಿಗೆ ಅಷ್ಟೇ ಅಲ್ಲ, ಒಂದು ಕಾರಣವೂ ಇತ್ತು. ಏಳು ತಿಂಗಳಿಂದ ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಒಂದು ಸಾಲೂ ಮುಂದೆ ಹೋಗಿರಲಿಲ್ಲ. ಲ್ಯಾಪ್‌ಟಾಪ್ ತೆರೆದರೆ ಕರ್ಸರ್ ಮಿಟುಕಿಸುತ್ತಿತ್ತು, ನಾನೂ ಮಿಟುಕಿಸುತ್ತಿದ್ದೆ. ನನ್ನ ವಿಷಯ ಕಡತ. ತಾಲ್ಲೂಕು ಕಚೇರಿಯಲ್ಲಿ ಕಾಣೆಯಾಗುವ ಕಡತವಲ್ಲ. ಆ ಮಾತು ಯಾವುದರಿಂದ ಬಂತೋ ಆ ಹಳೆಯ ಕಡತ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಅದರ ಮೇಲೆ ಬಳಪದಲ್ಲಿ ಲೆಕ್ಕಪತ್ರ ಬರೆಯುತ್ತಿದ್ದರು. ಬರಹದ ಸಾಮಗ್ರಿಯ ಬಗ್ಗೆಯೇ ಸಂಶೋಧನೆ ಮಾಡುವವಳು ಎಂದೂ ಕೈಗೆ ಮಸಿ ಮಾಡಿಕೊಂಡವಳಲ್ಲ ಎಂದು ಸೀನಿಯರ್ ಒಬ್ಬರು ಆಡಿಕೊಂಡಿದ್ದರು. ರಸಾಯನಶಾಸ್ತ್ರ ವಿಭಾಗದವರು. ಅವರ ಮೇಜಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು ಇಂಕಿನ ಬಾಟಲಿ.

ಆರಿಸುವುದನ್ನು ಕಲಿಸಿದ್ದು ಅವರೇ. "ಮೊಬೈಲಲ್ಲಿ ಕಾಣೋ ಬಣ್ಣ ನಂಬಿ ಇಂಕು ತಗೊಬೇಡ. ಫೋಟೋ ನೋಡಿ ಹುಡುಗನ್ನ ಒಪ್ಪಿದ ಹಾಗಾಗುತ್ತೆ" ಅಂದರು. ಸಿರಿಂಜಿನಲ್ಲಿ ಅಳೆದು ಎರಡೆರಡು ಮಿಲಿಯಂತೆ ಐದು ಪುಟ್ಟ ಶೀಷೆ ತುಂಬಿಕೊಟ್ಟರು. ಜಪಾನಿನ ಪೈಲಟ್ ಕಂಪನಿಯ ಇರೋಶಿಜುಕು ಸಾಲಿನ 'ಯಾಮಾ-ಬುಡೋ' ಇತ್ತು, ಕಾಡುದ್ರಾಕ್ಷಿ ಎಂದು ಅರ್ಥವಂತೆ. 1864ರಿಂದ ಶಾಯಿ ಮಾಡುತ್ತಿರುವ ಇಂಗ್ಲೆಂಡಿನ ಡಯಮೈನ್‌ನವರ 'ಆಕ್ಸ್‌ಬ್ಲಡ್' ಇತ್ತು. ಎತ್ತಿನ ರಕ್ತ ಎಂಬ ಹೆಸರಿಗೆ ತಕ್ಕ ಕಡುಗೆಂಪು. ಕೊನೆಗೆ ನಾನು ಕೊಂಡದ್ದು ಇವೆರಡೂ ಅಲ್ಲ. ಅದರ ಹೆಸರು ಬೇಡ. ಮುಂದೆ ಆದದ್ದರಲ್ಲಿ ಆ ಇಂಕಿನ ತಪ್ಪೇನೂ ಇಲ್ಲ.

ಐದನ್ನೂ ನಾನು ಬರೆಯುವ ಕಾಗದದ ಮೇಲೆಯೇ ಬರೆದು ನೋಡಿದೆ. ಹಗಲು ಬೆಳಕಿನಲ್ಲೊಮ್ಮೆ, ಹಾಸ್ಟೆಲ್ಲಿನ ಟ್ಯೂಬ್‌ಲೈಟಿನಲ್ಲೊಮ್ಮೆ. ಹಗಲು ಕಡುನೇರಳೆಯಾಗಿದ್ದದ್ದು ರಾತ್ರಿ ಬರೀ ಕಪ್ಪು. ಸಣ್ಣ ನಿಬ್ಬಿನಲ್ಲಿ ಬಣ್ಣವೇ ಗೊತ್ತಾಗದು. ಸ್ವಲ್ಪ ದಪ್ಪ ನಿಬ್ಬಾದರೆ ಅಕ್ಷರ ಶುರುವಾದಲ್ಲಿ ತೆಳುವಾಗಿ, ಮುಗಿದಲ್ಲಿ ಗಾಢವಾಗಿ ನಿಲ್ಲುತ್ತದೆ. ಇಂಗ್ಲಿಷಿಗಿಂತ ಕನ್ನಡದಲ್ಲಿ ಇದು ಚೆನ್ನ. ನಮ್ಮ ಅಕ್ಷರ ಸುತ್ತಿಕೊಂಡು ಬರುತ್ತವೆ, ಒತ್ತಿನ ತುದಿಯಲ್ಲಿ ಶಾಯಿ ಒಂದು ಕ್ಷಣ ನಿಂತು ಹನಿಗಟ್ಟುತ್ತದೆ. ಆದರೆ ಜೆರಾಕ್ಸ್ ಕಾಗದದಲ್ಲಿ ಅದೇ ಶಾಯಿ ಬೇರು ಬಿಟ್ಟಂತೆ ಹರಡಿ 'ಕ್ಷ', 'ಜ್ಞ' ಎಲ್ಲ ಇರುವೆಗಳಾದವು.

ಸೀನಿಯರ್ ಇನ್ನೊಂದು ಪರೀಕ್ಷೆ ತೋರಿಸಿದರು. ಟಿಶ್ಯೂ ಕಾಗದದ ನಡುವೆ ಒಂದು ತೊಟ್ಟು ಇಂಕು, ಅದರ ಮೇಲೆ ನಿಧಾನವಾಗಿ ನೀರು. ಬಹುತೇಕ ಫೌಂಟನ್ ಪೆನ್ ಇಂಕೆಂದರೆ ನೀರಿನಲ್ಲಿ ಕರಗಿದ ಬಣ್ಣಗಳ ಮಿಶ್ರಣ. ಹೆಚ್ಚು ಕರಗಿಸಿದಷ್ಟೂ ಗಾಢ. ಒಂದೊಂದು ಬಣ್ಣ ನೀರಿನ ಜೊತೆ ಒಂದೊಂದು ವೇಗದಲ್ಲಿ ಓಡುತ್ತದೆ. ನನ್ನ ನೇರಳೆಯೊಳಗಿಂದ ಗುಲಾಬಿ ಬಣ್ಣ ಎದ್ದು ಟಿಶ್ಯೂವಿನ ಅಂಚಿನವರೆಗೆ ಓಡಿತು. ತೆಳು ನೀಲಿಯೊಂದು ಮಾತ್ರ ನಡುವೆ ಕದಲದೆ ಕೂತಿತು. ದಾಸವಾಳ ಅರಳಿದ ಹಾಗಿತ್ತು. ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡೆ. ಅದು ನನಗೆ ಏನೋ ಹೇಳುತ್ತಿದೆ ಎಂದು ಹೊಳೆಯಲಿಲ್ಲ.

ಇಂಕು ಬಂದ ಮೇಲೆ ಒಳ್ಳೆಯ ಕಾಗದದ ನೋಟ್‌ಬುಕ್ಕೂ ಬಂತು. ನುಣುಪು ಕಾಗದದಲ್ಲಿ ಗೆರೆ ಒಣಗಲು ಅರ್ಧ ನಿಮಿಷ ಹಿಡಿಯುತ್ತಿತ್ತು. ಒಣಗಿದ ಮೇಲೆ ಶಾಯಿ ದಪ್ಪವಾಗಿ ನಿಂತ ಕಡೆ ಜೀರುಂಡೆಯ ಬೆನ್ನಿನ ಹಾಗೆ ಹಸಿರು ಹೊಳಪು. ಆ ಹೊಳಪು ನೋಡುವುದಕ್ಕೆಂದೇ ಇನ್ನೊಂದು ಸಾಲು, ಅದು ಒಣಗುವವರೆಗೆ ಮುಂದಿನ ಸಾಲಿನ ಯೋಚನೆ. ಹತ್ತು ದಿನದಲ್ಲಿ ಹದಿನೆಂಟು ಪುಟವಾಯಿತು. ಗೈಡ್ ಹತ್ತಿರ ತೆಗೆದುಕೊಂಡು ಹೋದರೆ ಕನ್ನಡಕ ಏರಿಸಿ ನೋಡಿದರು. "ಏನಮ್ಮಾ, ಇದು ಅಧ್ಯಾಯವೋ ಲಗ್ನಪತ್ರಿಕೆಯೋ?" ಅಂದರು. ಹದಿನೆಂಟನ್ನೂ ಓದಿ, "ಇರಲಿ, ಬರೆದೆಯಲ್ಲ" ಎಂದು ವಾಪಸ್ ಕೊಟ್ಟರು.

ಜುಲೈನಲ್ಲಿ ಕ್ಷೇತ್ರಕಾರ್ಯಕ್ಕೆ ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಗೆ ಹೋದೆ. ಹಳೆಯ ಮನೆ, ಎಂಬತ್ತೈದು ದಾಟಿದ ಅಜ್ಜಿ. ಅವರ ಮನೆಯ ಅಟ್ಟದಲ್ಲಿ ಎರಡು ಕಡತಗಳಿದ್ದವು. ಅಜ್ಜಿ ಚಿಕ್ಕವರಿದ್ದಾಗ ಅವರ ಅಜ್ಜ ಹಳೆಯ ಕಡತಕ್ಕೆ ಮತ್ತೆ ಕರಿ ಬಳಿಯುತ್ತಿದ್ದರಂತೆ. ಅದನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಂಡವರು ನನಗೆ ಸಿಕ್ಕಿದ್ದು ಅವರೊಬ್ಬರೇ. ರೆಕಾರ್ಡ್ ಮಾಡಲು ಮೊಬೈಲ್ ತೆಗೆದೆ. "ಅದನ್ನ ಆಚೆ ಇಡು ಮಾರಾಯ್ತಿ. ಅದು ಎದುರಿಗಿದ್ರೆ ನಂಗೆ ಮಾತೇ ಬರಲ್ಲ" ಅಂದರು. ಆಚೆ ಇಟ್ಟು ಪೆನ್ನು ತೆಗೆದೆ.

ಕಡತ ಬಿಚ್ಚುವ ಮೊದಲು ಅಜ್ಜಿ ನನ್ನ ಕೈ ಹಿಡಿದು ಮುಟ್ಟಿ ನೋಡಿದರು. "ಕೈ ಒರೆಸ್ಕೊ. ಒದ್ದೆ ಕೈಯಲ್ಲಿ ಮುಟ್ಟಬೇಡ" ಎಂದು ತಮ್ಮ ಸೆರಗನ್ನೇ ಕೊಟ್ಟರು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಳಪದ ಬರಹ ಹೋಗುತ್ತದೆ, ಕಡತದ ಉಪಯೋಗವೇ ಅದು: ಅಳಿಸಿ ಮತ್ತೆ ಬರೆಯಬಹುದು. ನಾನು ಭಕ್ತಿಯಿಂದ ಕೈ ಒರೆಸಿಕೊಂಡೆ. ಆಮೇಲೆ ನೇರಳೆ ಶಾಯಿಯಲ್ಲಿ ಮೂರು ಪುಟ ಬರೆದುಕೊಂಡೆ. ಬೀಜ ಹುರಿಯುವುದು, ನೆನೆಸುವುದು, ಸಿಪ್ಪೆ ತೆಗೆದು ಅರೆಯುವುದು, ಎಷ್ಟು ಸಲ ಬಳಿಯಬೇಕು, ನಡುವೆ ಯಾವುದೋ ಸೊಪ್ಪಿನ ರಸ.

ಬಸ್ಸಿಗೆ ಮೂರು ಕಿಲೋಮೀಟರ್ ನಡೆಯಬೇಕಿತ್ತು. ಮಲೆನಾಡಿನ ಜುಲೈ ಮಳೆಗೆ ನನ್ನ ಕೊಡೆ ಹೆಸರಿಗಷ್ಟೇ. ಲಾಡ್ಜಿಗೆ ಬಂದು ಬ್ಯಾಗ್ ತೆರೆದಾಗ ನೋಟ್‌ಬುಕ್ಕು ಒದ್ದೆ ಚಪಾತಿಯ ಹಾಗಿತ್ತು. ಪುಟ ಬಿಡಿಸಿದೆ. ಅಕ್ಷರಗಳಿರಲಿಲ್ಲ, ಗುಲಾಬಿ ಬಣ್ಣದ ಕೆರೆಯಿತ್ತು. ಬಿಳಿ ಶರಟಿನ ಮೇಲಿನ ನೇರಳೆ ಹಣ್ಣಿನ ಕಲೆ ಹೋಗಲಿ ಎಂದು ಅಮ್ಮ ಪಟ್ಟ ಪಾಡು ನೆನಪಾಯಿತು. ಇಲ್ಲಿ ಉಳಿಯಲಿ ಎಂದರೆ ಒಂದು ಮಳೆಗೆ ಮುಗಿದಿತ್ತು. ಸ್ನಾನದ ಮನೆಯ ನಲ್ಲಿ ಬಿಟ್ಟು ಅತ್ತೆ, ಪಕ್ಕದ ಕೋಣೆಗೆ ಕೇಳಬಾರದೆಂದು.

ಸೀನಿಯರ್ ಆ ಪುಟಗಳನ್ನು ಒಣಗಿಸಿ ಲ್ಯಾಬಿನಲ್ಲಿ ಯುವಿ ದೀಪದ ಕೆಳಗಿಟ್ಟರು. ಗುಲಾಬಿ ಇಡೀ ಪುಟದ ತುಂಬ ಬೆಳಗಿತು, ಅದರಿಂದ ಏನೂ ಓದಲಾಗಲಿಲ್ಲ. ಓದಲು ಸಿಕ್ಕಿದ್ದು ಕದಲದೆ ಉಳಿದ ಆ ತೆಳು ನೀಲಿಯಲ್ಲಿ ಮಾತ್ರ. ಟಿಶ್ಯೂವಿನ ದಾಸವಾಳದ ನಡುವಿನ ನೀಲಿ. ಯಾವುದು ಓಡುತ್ತದೆ, ಯಾವುದು ನಿಲ್ಲುತ್ತದೆ ಎಂದು ಅವತ್ತೇ ಕಂಡಿತ್ತು. ನಾನು ಚಿತ್ರ ನೋಡುತ್ತಿದ್ದೆ. 'ಹುಣಸೆ' ಸಿಕ್ಕಿತು. 'ಎರಡು ರಾತ್ರಿ' ಸಿಕ್ಕಿತು. 'ಸೊಪ್ಪು' ಸಿಕ್ಕಿತು. ಅದರ ಹಿಂದಿನ ಪದ, ಯಾವ ಸೊಪ್ಪು ಎಂಬುದು, ಸಿಗಲಿಲ್ಲ.

ಆಗಸ್ಟಿನಲ್ಲಿ ಮತ್ತೆ ಹೋದೆ. ಅಜ್ಜಿ ಬೇಸರವಿಲ್ಲದೆ ಮೊದಲಿಂದ ಹೇಳಿದರು. ಬೀಜ, ಇದ್ದಿಲು, ಬಿಸಿಲು. ಒಂದೇ ರಾತ್ರಿ ನೆನೆಸುವುದು. ಸೊಪ್ಪಿನ ಮಾತೇ ಇಲ್ಲ. "ಯಾವುದೋ ಸೊಪ್ಪು ಅಂದಿದ್ರಲ್ಲ ಅಜ್ಜಿ?" ಎಂದು ಕೇಳಿದೆ. "ಸೊಪ್ಪಾ? ನಾ ಹಂಗಂದಿದ್ನಾ?" ಎಂದು ನಕ್ಕರು. ನಾನು ಕೇಳಿದ್ದಕ್ಕೆ ನೆನಪು ಮಾಡಿಕೊಳ್ಳಲು ಹೊರಟರು. ಅದು ಬಸಳೆಯಿರಬಹುದು, ಇಲ್ಲ ಗೋರಂಟಿ ಅಂದರು. ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾರೆ ಎಂದು ಗೊತ್ತಾಯಿತು. ಬರೆದುಕೊಳ್ಳಲಿಲ್ಲ.

ಗೈಡ್ ಎರಡನ್ನೂ ಪ್ರಬಂಧದಲ್ಲಿ ಸೇರಿಸು ಅಂದರು. ಮೊದಲ ಹೇಳಿಕೆಯಲ್ಲಿ ಎಷ್ಟು ಉಳಿದಿದೆಯೋ ಅಷ್ಟು, ಎರಡನೆಯದು ಪೂರ್ತಿ, ಮೊದಲನೆಯದು ಯಾಕೆ ಪೂರ್ತಿಯಿಲ್ಲ ಎಂಬ ಅಡಿಟಿಪ್ಪಣಿ. "ಮಳೆಯಿಂದಾಗಿ ಟಿಪ್ಪಣಿಗಳು ನಾಶವಾದವು" ಎಂದು ಬರೆದುಕೊಂಡು ಹೋದೆ. ಅವರು ಕೆಂಪು ಪೆನ್ನು ತೆಗೆದು 'ಮಳೆಯಿಂದಾಗಿ' ಹೊಡೆದರು. "ಮಳೆ ಪ್ರತಿ ವರ್ಷ ಬರುತ್ತೆ ಕಣಮ್ಮಾ. ನೀರಿಗೆ ನಿಲ್ಲದ ಇಂಕಲ್ಲಿ ಬರೆದೆ ಅಂತ ಬರಿ." ಎರಡು ದಿನ ಮಾತಾಡಿಸಲಿಲ್ಲ ನಾನು ಅವರನ್ನು. ಮೂರನೆಯ ದಿನ ಹಾಗೇ ಬರೆದೆ.

ಈಗ ನನ್ನ ಹತ್ತಿರ ಎರಡು ಪೆನ್ನುಗಳಿವೆ. ಕ್ಷೇತ್ರಕಾರ್ಯದ ಪೆನ್ನಿನಲ್ಲಿ ಐರನ್ ಗಾಲ್ ಶಾಯಿ. ಮರದ ಗಂಟುಕಾಯಿಯ ಒಗರು, ಕಬ್ಬಿಣದ ಲವಣ ಸೇರಿ ಆಗುವ ಹಳೆಯ ಕಾಲದ ಶಾಯಿ ಅದು. ಬರೆಯುವಾಗ ಮಾಸಲಾಗಿದ್ದು, ಗಾಳಿ ತಾಗಿದ ಮೇಲೆ ಕಪ್ಪಾಗುತ್ತಾ ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ. ಮೈಸೂರಿನಲ್ಲಿ ತಯಾರಾಗಿ 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಅಂಟುತ್ತಿರುವ ಮತದಾನದ ಶಾಯಿಯೂ ಹೀಗೇ ಹಚ್ಚಿದ ಮೇಲೆ ಕಪ್ಪಾಗುವಂಥದ್ದು. ಅಲ್ಲಿ ಕೆಲಸ ಮಾಡುವುದು ಬೆಳ್ಳಿಯ ಲವಣ, ಬೆಳಕು. ಐರನ್ ಗಾಲ್ ಶಾಯಿ ಆಮ್ಲೀಯ. ಪೆನ್ನಿನಲ್ಲಿ ವಾರಗಟ್ಟಲೆ ಒಣಗಲು ಬಿಡಬಾರದು. ಮಾಸಿದ ನೀಲಿಗಪ್ಪು. ಯಾರೂ ಅದರ ಫೋಟೋ ತೆಗೆಯುವುದಿಲ್ಲ.

ನೇರಳೆಯನ್ನು ಬಿಟ್ಟಿಲ್ಲ. ಕರಡು ಬರೆಯುವುದು ಈಗಲೂ ಅದರಲ್ಲೇ, ಮೇಜಿನ ಮೇಲೆ, ನೀರಿನ ಬಾಟಲಿ ದೂರವಿಟ್ಟು. ಆ ಬಣ್ಣವಿಲ್ಲದಿದ್ದರೆ ಮೂರನೆಯ ಅಧ್ಯಾಯವೇ ಇರುತ್ತಿರಲಿಲ್ಲ ಎಂಬುದೂ ನಿಜ. ಪೆನ್ನು ತೊಳೆಯಲು ಕೂತರೆ ಹತ್ತು ಸಲ ನೀರು ಎಳೆದು ಬಿಟ್ಟರೂ ಹನ್ನೊಂದನೆಯ ಸಲ ನೇರಳೆ ಬರುತ್ತದೆ. ಕಾಗದ ಬಿಟ್ಟುಹೋದಷ್ಟು ಸುಲಭವಾಗಿ ಪೆನ್ನನ್ನು ಬಿಡುವುದಿಲ್ಲ.

ಶೃಂಗೇರಿ ಮಠದ ಕಡತಗಳು ಇವತ್ತಿಗೂ ಓದಲು ಸಿಗುತ್ತವೆ. ಅಜ್ಜಿಯ ಮನೆಯ ಎರಡೂ ಗಟ್ಟಿಯಾಗಿವೆ. ಒಂದು ಒದ್ದೆ ಕೈಗೆ ಅಳಿಯುವ ಬರಹ ಇಷ್ಟು ಕಾಲ ಉಳಿದದ್ದು ಹೇಗೆ ಎಂದು ಮೊದಲು ಆಶ್ಚರ್ಯಪಡುತ್ತಿದ್ದೆ. ಈಗ ಅಜ್ಜಿ ನನ್ನ ಕೈ ಮುಟ್ಟಿ ನೋಡಿದ್ದು ನೆನಪಾಗುತ್ತದೆ.

ದಸರಾ ರಜೆಗೆ ಮತ್ತೆ ಅಲ್ಲಿಗೆ ಹೋಗುತ್ತಿದ್ದೇನೆ. ಈ ಸಲ ಪ್ರಶ್ನೆ ಕೇಳುವುದಿಲ್ಲ. ಅಜ್ಜಿಯ ಜೊತೆ ಹಿತ್ತಲಿನಲ್ಲಿ ಓಡಾಡಿ, ಒಂದೊಂದೇ ಸೊಪ್ಪು ಮುರಿದು ಅವರ ಕೈಗೆ ಕೊಡಬೇಕು. ಮೂಸಿ ನೋಡಿ ಅವರಾಗೇ ಏನಾದರೂ ಹೇಳಿದರೆ ಬರೆದುಕೊಳ್ಳಬೇಕು. ಬ್ಯಾಗಿಗೆ ಪ್ಲಾಸ್ಟಿಕ್ ಕವರು ಹಾಕಿಟ್ಟಿದ್ದೇನೆ, ಒಂದು ಪೆನ್ಸಿಲ್ಲೂ ಇದೆ.