ರಸ್ತೆ ನಿಮ್ಮಪ್ಪಂದೇನೋ?

ಸ್ವಲ್ಪ ಉದ್ದ ಆಗ್ತದೆ. ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಆಯನೂರು ಕಡೆ ಸೈಕಲ್ ತುಳಿಯೋರಿಗೆ ಈ ತಲೆಬರಹ ಹೊಸದೇನಲ್ಲ. ಶಿವಮೊಗ್ಗ-ಸಾಗರ ರಸ್ತೆಯಲ್ಲಿ ಕಾರಿನ ಗ್ಲಾಸ್ ಇಳಿಯುತ್ತೆ, ಒಂದು ತಲೆ ಹೊರಗೆ ಬರುತ್ತೆ, ಈ ಮಾತು ಕೇಳಿ ಹೋಗುತ್ತೆ. ಉತ್ತರಕ್ಕೆ ಯಾರೂ ಕಾಯಲ್ಲ. ನಾನು ಆ ಪ್ರಶ್ನೆಯನ್ನ ಒಮ್ಮೆ ಗಂಭೀರವಾಗಿ ತಗೊಳ್ಳೋಣ ಅಂತ ಕೂತಿದೀನಿ.

ಕಾರಣ ಇದೆ. ನಮ್ಮ ಕೇರಿಯ ಹಿರಿಯರೊಬ್ಬರು ಅಡಿಕೆ ಸುಲಿಯೋ ಕೆಲಸ ಮುಗಿಸಿ ಸಂಜೆ ಸೈಕಲ್ಲಲ್ಲಿ ಬರ್ತಿದ್ರು. ಹಿಂದಿನಿಂದ ಬಸ್ಸು ಹಾರ್ನ್ ಹೊಡೀತಾ ಮೈಮೇಲೇ ಬಂತು. ಇವರು ಪಕ್ಕಕ್ಕೆ ಇಳಿಸೋಕೆ ಹೋಗಿ ಬಿದ್ರು, ಮುಂಗೈ ಮುರೀತು. ಬಸ್ಸು ನಿಲ್ಲಲಿಲ್ಲ. ಹಿಂದೆ ಬಂದ ಕಾರಿನ ಹುಡುಗ ನಿಲ್ಲಿಸಿದ. ಎತ್ತೋಕೆ ಅಂತ ನಿಲ್ಲಿಸಿದ್ದಲ್ಲ, ಬೈಯೋಕೆ. ಅರವತ್ತು ದಾಟಿದ ಮನುಷ್ಯನಿಗೆ ಇಪ್ಪತ್ತೈದರ ಹುಡುಗನ ಏಕವಚನ. ಮಾರನೇ ದಿನ ಚಾ ಅಂಗಡಿಯಲ್ಲಿ ತೀರ್ಪೂ ಆಯ್ತು: "ಈ ಸೈಕಲ್‌ನೋರಿಗೆ ರೋಡ್ ಸೆನ್ಸೇ ಇಲ್ಲ ಮಾರಾಯ."

ಪಕ್ಕಕ್ಕೆ ಇಳಿಯೋದು ಅಂದ್ರೆ ಏನು ಅಂತ ಕಾರಲ್ಲಿ ಓಡಾಡೋರಿಗೆ ಗೊತ್ತಿರಲಿಕ್ಕಿಲ್ಲ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಎತ್ತರ ಆಗಿರ್ತದೆ. ಪಕ್ಕದ ಮಣ್ಣು ಮಳೆಗೆ ಕೊಚ್ಚಿ ಹೋಗಿ ಗೇಣುದ್ದ ತಗ್ಗಿರ್ತದೆ. ಬೈಕಿನ ದಪ್ಪ ಚಕ್ರ ಹೇಗೋ ಇಳಿಯುತ್ತೆ, ಸೈಕಲ್ಲಿನ ಸಣ್ಣ ಚಕ್ರ ಡಾಂಬರಿನ ಅಂಚಿಗೆ ಸಿಕ್ಕಿ ತಿರುಚಿಕೊಳ್ಳುತ್ತೆ. ಕ್ಯಾರಿಯರ್ ಮೇಲೆ ಮೂಟೆ ಇದ್ರಂತೂ ಮುಗೀತು. ಮಳೆಗಾಲದಲ್ಲಿ ಆ ಅಂಚಿನಲ್ಲಿ ನೀರು ನಿಂತು ತಗ್ಗು ಎಷ್ಟು ಅನ್ನೋದೇ ಕಾಣಲ್ಲ. ಹಾರ್ನ್ ಹೊಡೆಯೋನಿಗೆ ಅದು "ಸ್ವಲ್ಪ ಸರಿ" ಅನ್ನೋ ಮಾತು, ಸೈಕಲ್ ಮೇಲಿರೋನಿಗೆ "ಬೀಳು" ಅನ್ನೋ ಮಾತು.

ನಮ್ಮೋರ ತಪ್ಪೇ ಇಲ್ವಾ? ಇದೆ. ಕತ್ತಲಲ್ಲಿ ಲೈಟಿಲ್ಲದೆ ಬರ್ತಾರೆ. ಬಲಗಡೆಯಿಂದ ಎದುರಿಗೆ ಬರ್ತಾರೆ. ಯಾಕಣ್ಣ ಹೀಗೆ ಅಂತ ಕೇಳಿದ್ರೆ, "ಹಿಂದಿನಿಂದ ಬಂದು ಗುದ್ದೋದು ಕಾಣಲ್ಲ, ಎದುರಿಗೆ ಬರೋದಾದ್ರೂ ಕಾಣ್ತದಲ್ಲ" ಅಂತಾರೆ. ಇದು ಅಪಾಯದ ಲೆಕ್ಕಾಚಾರ, ನಾನು ಒಪ್ಪಲ್ಲ. ಆದ್ರೆ ಇದನ್ನ ಅಶಿಸ್ತು ಅಂತ ಕರೆಯೋಕೂ ನನಗೆ ಮನಸ್ಸಿಲ್ಲ. ಅದು ಭಯ.

ಡ್ರೈವರ್‌ಗಳೆಲ್ಲ ರಾಕ್ಷಸರು ಅಂತಲೂ ಹೇಳ್ತಿಲ್ಲ. ಟಿಪ್ಪರ್ ಓಡಿಸೋರಲ್ಲಿ ನಮ್ಮ ಹುಡುಗರೂ ಇದ್ದಾರೆ. ಒಬ್ಬ ಹೇಳಿದ: "ಅಣ್ಣಾ, ಟ್ರಿಪ್ ಲೆಕ್ಕದಲ್ಲಿ ದುಡ್ಡು. ನಿಧಾನ ಹೋದ್ರೆ ಓನರ್ ಬೈತಾನೆ, ಜೋರು ಹೋದ್ರೆ ನೀವು ಬೈತೀರಿ." ಖಾಸಗಿ ಬಸ್ಸಿನೋರಿಗೆ ಟೈಮಿಂಗ್ ಜಗಳ. ಆ ಒತ್ತಡ ಎಲ್ಲಾ ಮೇಲಿಂದ ಇಳಿದು ಇಳಿದು ಕೊನೆಗೆ ಯಾರ ಮೇಲೆ ಬೀಳುತ್ತೆ? ರಸ್ತೆಯಲ್ಲಿ ಎಲ್ಲರಿಗಿಂತ ಕೆಳಗಿರೋನ ಮೇಲೆ. ಈ ಏಣಿ ನಮಗೆ ಪರಿಚಯ ಇಲ್ಲದ್ದೇನಲ್ಲ.

ನಮ್ಮ ಅಜ್ಜ ಸೈಕಲ್ ತಗೊಂಡ ಕಾಲದಲ್ಲಿ ಊರ ಬೀದಿ ಬಂದ ಕೂಡಲೇ ಇಳಿದು, ಚಪ್ಪಲಿ ಬಿಚ್ಚಿ ಹ್ಯಾಂಡಲಿಗೆ ಸಿಕ್ಕಿಸಿ, ತಳ್ಳಿಕೊಂಡು ಹೋಗ್ಬೇಕಿತ್ತು. ಬೀದಿ ದಾಟಿದ ಮೇಲೆ ಮತ್ತೆ ಹತ್ತೋದು. ಇದು ನಮ್ಮನೆ ಕತೆ ಮಾತ್ರ ಅಲ್ಲ ಅನ್ನೋದಕ್ಕೆ ಕಾನೂನೇ ಸಾಕ್ಷಿ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ 2016ರ ಜನವರಿ 26ರಿಂದ ಜಾರಿಗೆ ಬಂತಲ್ಲ, ಅದರ ಕಲಂ 3(1)(ಝಡ್‌ಎ) ತೆಗೆದು ನೋಡಿ. ಪರಿಶಿಷ್ಟರು ಸಾರ್ವಜನಿಕ ಜಾಗದಲ್ಲಿ ಸೈಕಲ್ ಅಥವಾ ಮೋಟಾರ್‌ಸೈಕಲ್ ಹತ್ತೋದಕ್ಕೆ, ಚಪ್ಪಲಿ ಹಾಕೋದಕ್ಕೆ, ಹೊಸ ಬಟ್ಟೆ ತೊಡೋದಕ್ಕೆ ಅಡ್ಡಿ ಮಾಡೋದು ಅಪರಾಧ ಅಂತಿದೆ. ಸೈಕಲ್ ಅಂತ ಹೆಸರು ಹಿಡಿದೇ ಬರೆದಿದ್ದಾರೆ. 21ನೇ ಶತಮಾನದ ಸಂಸತ್ತು ಸೈಕಲ್ ಬಗ್ಗೆ ಇಷ್ಟು ಬಿಡಿಸಿ ಬರೀಬೇಕಾಗಿ ಬಂತು ಅಂದ್ರೆ ಯೋಚಿಸಿ.

ಬಾಬಾಸಾಹೇಬರು 1929ರಲ್ಲಿ ಚಾಳೀಸ್‌ಗಾಂವ್‌ಗೆ ಹೋದಾಗ ಏನಾಯ್ತು ಅನ್ನೋದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಅಸ್ಪೃಶ್ಯರನ್ನ ಕೂರಿಸಿಕೊಂಡು ಟಾಂಗಾ ಹೊಡೆಯೋದು ತನ್ನ ಮರ್ಯಾದೆಗೆ ಕಡಿಮೆ ಅಂತ ಟಾಂಗಾದವನು ಹಿಂದೆ ಸರಿದ. ಗಾಡಿ ಬಾಡಿಗೆಗೆ ಕೊಟ್ಟ, ತಾನು ಹತ್ತಲಿಲ್ಲ. ಹೊಡೆದು ಅಭ್ಯಾಸ ಇಲ್ಲದ ನಮ್ಮೋರೇ ಒಬ್ಬರು ಲಗಾಮು ಹಿಡಿದರು. ಸೇತುವೆ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿ ಬಾಬಾಸಾಹೇಬರು ಬಿದ್ದು ಕಾಲು ಮುರಿದುಕೊಂಡರು. ರಸ್ತೆ ಅಪಘಾತದ ಹಿಂದೆ ಯಾರ ಮರ್ಯಾದೆ ಇರ್ತದೆ ಅಂತ ಎಫ್‌ಐಆರ್‌ನಲ್ಲಿ ಬರೆಯೋಕೆ ಕಾಲಂ ಇಲ್ಲ.

ಈಗ ಯಾರೂ "ಸೈಕಲ್ ಇಳಿ" ಅನ್ನಲ್ಲ, ಹಾರ್ನ್ ಹೊಡೀತಾರೆ ಅಷ್ಟೆ. ಕಾರಿನ ಹುಡುಗ ನನ್ನ ಜಾತಿ ನೋಡಿ ಹಾರ್ನ್ ಹೊಡೆದ ಅಂತ ನಾನು ಹೇಳ್ತಿಲ್ಲ, ಕೇಸ್ ಹಾಕೋಕೂ ಹೊರಟಿಲ್ಲ. ಅವನು ನೋಡೋದು ಸೈಕಲ್ಲು, ಮಾಸಿದ ಅಂಗಿ, ಕ್ಯಾರಿಯರ್ ಮೇಲಿನ ಬುತ್ತಿ. ಅಷ್ಟರಲ್ಲೇ ಇವನಿಗೆ ಏಕವಚನ ನಡೆಯುತ್ತೆ ಅಂತ ಲೆಕ್ಕ ಹಾಕಿಬಿಡ್ತಾನೆ. ಆ ಲೆಕ್ಕ ಅವನಿಗೆ ಯಾರು ಕಲಿಸಿದ್ದು ಅನ್ನೋದಷ್ಟೇ ನನ್ನ ಪ್ರಶ್ನೆ.

ಯಾಕಂದ್ರೆ ಇದೇ ಸೈಕಲ್ಲಿಗೆ ಇದೇ ಜಿಲ್ಲೆಯಲ್ಲಿ ಮರ್ಯಾದೆ ಇತ್ತು. ಭದ್ರಾವತಿಯ ಹಳಬರನ್ನ ಕೇಳಿ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಪೇಪರ್ ಮಿಲ್. ಶಿಫ್ಟ್ ಬಿಟ್ರೆ ರಸ್ತೆ ತುಂಬಾ ಸೈಕಲ್ಲು, ಬಸ್ಸಿನೋರೇ ನಿಲ್ಲಿಸಿಕೊಂಡು ಕಾಯ್ತಿದ್ರಂತೆ. ಸೈಕಲ್ ತುಳಿಯೋನು ಪರ್ಮನೆಂಟ್ ನೌಕರ, ಅವನ ಹಿಂದೆ ಯೂನಿಯನ್ ಇತ್ತು. ಅದೇ ಊರಲ್ಲಿ ಪಾಠ ಮಾಡ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ದಸಂಸ ಕಟ್ಟಿದ್ದು ನೆನಪಿಸಿಕೊಳ್ಳಿ. ಒಂಟಿ ಸೈಕಲ್ಲಿಗೆ ಯಾರೂ ದಾರಿ ಬಿಡಲ್ಲ ಅಂತ ಅವರಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಪೇಪರ್ ಮಿಲ್ ಮುಚ್ತು, ಕಬ್ಬಿಣದ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರು 2023ರಲ್ಲಿ ಬೀದಿಗಿಳೀಬೇಕಾಯ್ತು. ಈಗ ಸೈಕಲ್ ತುಳಿಯೋನು ಅಂದ್ರೆ ಬೇರೇನೂ ಇಲ್ಲದೋನು ಅಂತಾಗಿದೆ. (ಭಾನುವಾರ ಹೆಲ್ಮೆಟ್, ಬಿಗಿ ಬಟ್ಟೆ ಹಾಕಿ ತ್ಯಾವರೆಕೊಪ್ಪದ ಕಡೆ ಬರೋ ಸಿಟಿ ಸೈಕಲ್‌ನೋರಿಗೆ "ನಿಮ್ಮಪ್ಪಂದೇನೋ" ಅಂದಿದ್ದು ನಾನಂತೂ ಕೇಳಿಲ್ಲ.)

2011ರ ಜನಗಣತಿ ಪ್ರಕಾರ ದೇಶದ ನೂರರಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು, ಕಾರು ಇದ್ದಿದ್ದು 5 ಮನೆಯಲ್ಲೂ ಇಲ್ಲ. ರಸ್ತೆ ಅಗಲ ಮಾಡೋದು ಯಾರ ಲೆಕ್ಕದಲ್ಲಿ? 2006-07ರಲ್ಲಿ ಶುರುವಾದ ಯೋಜನೆಯಲ್ಲಿ 8ನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡ್ತು. ನಮ್ಮ ಕೇರಿ ಹೆಣ್ಣುಮಕ್ಕಳು ಊರ ಬೀದಿಯಲ್ಲಿ ಬೆಲ್ ಹೊಡೆದುಕೊಂಡು ಹೈಸ್ಕೂಲಿಗೆ ಹೋಗಿದ್ದನ್ನ ನೋಡಿ ನಮ್ಮಜ್ಜ ಎಷ್ಟೋ ಹೊತ್ತು ಮಾತಾಡಿರಲಿಲ್ಲ. ಕೋವಿಡ್ ಬಂತು, ಯೋಜನೆ ನಿಂತ್ಹೋಯ್ತು. ಸೈಕಲ್ ಕೊಟ್ಟ ಕಾಲದಲ್ಲೂ ಅದನ್ನ ತುಳಿಯೋಕೆ ರಸ್ತೆಯಲ್ಲಿ ಎರಡಡಿ ಜಾಗ ಕೊಟ್ಟಿರಲಿಲ್ಲ ಅನ್ನೋದು ಬೇರೆ ಮಾತು.

ಹಾಂ, ಆ ಪ್ರಶ್ನೆ. ಹೌದು ಸ್ವಾಮಿ, ನಮ್ಮಪ್ಪಂದೇ. ನಮ್ಮಪ್ಪ ರಸ್ತೆ ಕೆಲಸದಲ್ಲಿ ಜಲ್ಲಿ ಹೊತ್ತೋರು, ಬಿಸಿ ಡಾಂಬರಿಗೆ ಕಾಲಿಗೆ ಗೋಣಿಚೀಲ ಸುತ್ತಿಕೊಂಡು ನಿಂತೋರು. ನಿಮ್ಮಪ್ಪನ ತೆರಿಗೆ ದುಡ್ಡೂ ಇರಬಹುದು, ಇಲ್ಲ ಅನ್ನಲ್ಲ.

ಈಗ ಕೆಲಸದ ಮಾತು. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿ, ಪಾದಚಾರಿ, ಸೈಕಲ್ ಸವಾರ, ಮಕ್ಕಳು, ವಯಸ್ಸಾದವರ ಬಗ್ಗೆ ಚಾಲಕ ವಿಶೇಷ ಎಚ್ಚರ ವಹಿಸಬೇಕು ಅಂತಿದೆ. ಠಾಣೆಯಲ್ಲಿ "ನಿಂದೇ ತಪ್ಪು" ಅಂದ್ರೆ ಇದನ್ನ ಹೇಳಿ. ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ರೂ ಪರಿಹಾರ ಉಂಟು: 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಮೊದಲು 25,000 ಮತ್ತು 12,500 ಇತ್ತು. ಅರ್ಜಿ ಹೋಗಬೇಕಾದ್ದು ಕಂದಾಯ ಅಧಿಕಾರಿಗೆ, ಅಂದ್ರೆ ಎ.ಸಿ. ಅಥವಾ ತಹಶೀಲ್ದಾರ್‌ಗೆ. ಎಫ್‌ಐಆರ್, ಆಸ್ಪತ್ರೆ ಕಾಗದ ಕಳ್ಕೋಬೇಡಿ. ಆಯನೂರು, ಕುಂಸಿ, ಹಾರನಹಳ್ಳಿ ಕಡೆ ಯಾರ ಮನೆಯಲ್ಲಾದ್ರೂ ಅರ್ಜಿ ಹಾಕದೇ ಉಳಿದಿದ್ರೆ ಇನ್‌ಬಾಕ್ಸಿಗೆ ಬನ್ನಿ, ಕೂತು ಬರೆಯೋಣ. ರಸ್ತೆ ಪಕ್ಕದ ಮಣ್ಣು ತುಂಬಿಸೋಕೆ ಮನವಿ ತಯಾರಾಗ್ತಿದೆ, ಸಹಿ ಬೇಕು. ಮುಂಗೈಗೆ ಪ್ಲಾಸ್ಟರ್ ಇರೋದ್ರಿಂದ ನಮ್ಮ ಹಿರಿಯರು ಮೊದಲ ಹೆಬ್ಬೆಟ್ಟನ್ನ ಎಡಗೈಯಲ್ಲಿ ಒತ್ತಿದಾರೆ.

ಜೈಭೀಮ್.