ವಾರಾನ್ನ ಯಾರಿಗೆ ಸಿಗುತ್ತಿತ್ತು?

ಹಳೆಯ ಮೈಸೂರಿನಲ್ಲಿ ಓದಿ ಮೇಲೆ ಬಂದ ಎಷ್ಟೋ ಹಿರಿಯರ ಕಥೆಯಲ್ಲಿ ವಾರಾನ್ನದ ಮಾತು ಬರುತ್ತದೆ. ಊಟಕ್ಕೆ ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟ್ರ ಮನೆ, ಬುಧವಾರ ದೂರದ ನೆಂಟರ ಮನೆ. ಆ ಹುಡುಗರ ಛಲ ದೊಡ್ಡದು. ಇದ್ದುದರಲ್ಲೇ ಇನ್ನೊಂದು ಎಲೆ ಹಾಕಿದ ತಾಯಂದಿರ ಮನಸ್ಸು ಅದಕ್ಕಿಂತ ದೊಡ್ಡದು. ಆದರೆ ಆ ಪಂಕ್ತಿಯಲ್ಲಿ ಕೂರುತ್ತಿದ್ದವನು ಬಹುಮಟ್ಟಿಗೆ ಬ್ರಾಹ್ಮಣರ ಹುಡುಗ. ಅಷ್ಟೇ ಚುರುಕಾದ ಕುರುಬರ ಹುಡುಗ, ದಲಿತ ಕೇರಿಯ ಹುಡುಗ ಪೇಟೆಗೆ ಬಂದರೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಶಾಲೆಯ ಬಾಗಿಲು ತೆರೆದೇ ಇದ್ದರೂ ಹಸಿದವನು ಎಷ್ಟು ದಿನ ನಿಂತಾನು?

ಅವಕಾಶ ಕೊಡಿ ಸಾಕು, ಸಮಾನತೆ ಹೇರಬೇಡಿ ಎನ್ನುವವರ ಮಾತು ಕೇಳಿದಾಗ ನನಗೆ 1918 ನೆನಪಾಗುತ್ತದೆ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಗುವ ದಾರಿ ಹುಡುಕಲು ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಆಡಳಿತದ ದಕ್ಷತೆ ಕುಂದೀತೆಂಬುದು ದಿವಾನ್ ವಿಶ್ವೇಶ್ವರಯ್ಯನವರ ಆತಂಕ. ಆ ಭಿನ್ನಾಭಿಪ್ರಾಯದ ನಡುವೆಯೇ ಅವರು ದಿವಾನಗಿರಿ ಬಿಟ್ಟರು. ಅವರನ್ನು ಜಾತಿವಾದಿ ಎಂದು ತಳ್ಳಿಹಾಕುವುದು ಅನ್ಯಾಯ. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು, 1916ರ ಮೈಸೂರು ವಿಶ್ವವಿದ್ಯಾಲಯ ಎರಡೂ ಅವರ ಕಾಲದವೇ. ಎಲ್ಲರೂ ಮೊದಲು ಓದಲಿ ಎಂಬುದು ಅವರ ನಂಬಿಕೆ. ಆದರೆ ಮನೆಪಾಠ ಹೇಳಿಕೊಂಡು ಬೆಂಗಳೂರಿನಲ್ಲಿ ಓದಿದ ಆ ಮೇಧಾವಿಗೂ ಪುಣೆಯಲ್ಲಿ ಎಂಜಿನಿಯರಿಂಗ್ ಕಲಿಯಲು ಮೈಸೂರು ಸರ್ಕಾರದ ನೆರವು ಬೇಕಾಯಿತಲ್ಲ!

ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲೆರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕೆಂದು ಮಿಲ್ಲರ್ ಸಮಿತಿ 1919ರಲ್ಲಿ ಹೇಳಿತು. ಇದು ಹೇರಿಕೆಯೇ? ಎಲ್ಲರಿಗೂ ಒಂದೇ ಅಂಕ, ಒಂದೇ ಸಂಬಳ ಎಂದಿದ್ದರೆ ನಾನೂ ಒಪ್ಪುತ್ತಿರಲಿಲ್ಲ. ದುಡಿದವನಿಗೂ ದುಡಿಯದವನಿಗೂ ವ್ಯತ್ಯಾಸ ಇರಲೇಬೇಕು. ಸಮಿತಿ ಕೇಳಿದ್ದು ಅದಲ್ಲ. ಕಚೇರಿಯಲ್ಲಿ ತಮ್ಮವರೊಬ್ಬರು ಕುರ್ಚಿಯಲ್ಲಿ ಕೂತದ್ದನ್ನು ಕಂಡರೆ ತಾನೇ ಹಳ್ಳಿಯ ಅಪ್ಪ ಮಗನನ್ನು ದನ ಕಾಯುವುದರಿಂದ ಬಿಡಿಸಿ ಓದಿಗೆ ಕಳಿಸುವುದು?

ನೌಕರಿಯ ಪಾಲಿನಷ್ಟೇ ದೊಡ್ಡ ಕೆಲಸ ಮಾಡಿದವು ಹಾಸ್ಟೆಲುಗಳು, ಮಠಗಳ ಉಚಿತ ಪ್ರಸಾದನಿಲಯಗಳು. ವಾರಾನ್ನಕ್ಕೆ ಕರೆಯುವ ಮನೆಯಿಲ್ಲದವರಿಗೆ ಅಲ್ಲಿ ಮುದ್ದೆ, ಸಾರು, ಮಲಗಲು ಚಾಪೆ ಸಿಕ್ಕಿತು. ಈಗಲೂ ಪಿಯುಸಿ ಮುಗಿಸಿದ ಹಳ್ಳಿಯ ಹುಡುಗಿಗೆ ಶುಲ್ಕ ಮನ್ನಾ ಆದರೆ ಸಾಲದು. ಸಂಜೆಯ ಕೊನೇ ಬಸ್ಸು ತಪ್ಪಿದರೆ ಊರಿಲ್ಲ, ಹಾಸ್ಟೆಲಿನ ಸೀಟು ಸಿಗದಿದ್ದರೆ ಕಾಲೇಜಿಲ್ಲ. ಪ್ರತಿಭೆಯ ಚರ್ಚೆ ಎಷ್ಟಾದರೂ ನಡೆಯಲಿ. ಮೊದಲು ಆ ಸೀಟು ಕೊಡಿ.