ಹುಡುಕಿದವರಿಗೆ ಸಿಕ್ಕದ ಪಾಠ

ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಸಂಸ್ಕೃತ ಪಾಠ ಹೇಳಿ ವಿಶ್ರಾಂತನಾದ ಮೇಲೆ, ನನ್ನ ಪಾಠಗಳನ್ನು ಅಂತರ್ಜಾಲದಲ್ಲಿ ಒಂದು ಪುಟವಾಗಿ ಇರಿಸಬೇಕೆಂಬ ಆಸೆಯು ನನಗುಂಟಾಯಿತು. ಶಬ್ದರೂಪಗಳನ್ನು ದುಂಡಗೆ ಬರೆದು ಛಾಯಾಚಿತ್ರ ತೆಗೆಯಿಸಿದೆನು. ವಿವರಣೆಯನ್ನು ಅಭ್ಯಾಸವಾಗಿದ್ದ ಹಳೆಯ ಅಕ್ಷರಶೈಲಿಯಲ್ಲಿಯೇ ಟೈಪು ಮಾಡಿದೆನು. ನೆತ್ತಿಯಲ್ಲಿ ಸರಸ್ವತಿಯ ದೊಡ್ಡ ಪಟ, ಅದರ ಕೆಳಗೆ ಶಾಲು ಹೊದೆದ ನನ್ನ ಚಿತ್ರ, ಬಳಿಕ ನನ್ನ ಜೀವನವೃತ್ತಾಂತ. ಇಷ್ಟೆಲ್ಲ ಮುಗಿದ ಮೇಲೆ ಪಾಠ. ಪುಟಕ್ಕೆ ‘ಸ್ವಾಗತ’ವೆಂದು ಹೆಸರಿಟ್ಟು ಕೃತಾರ್ಥನಾದೆನೆಂದು ತಿಳಿದಿದ್ದೆನು.

ಒಂದು ದಿನ ಹಳೆಯ ಶಿಷ್ಯೆಯೊಬ್ಬಳು ಮನೆಗೆ ಬಂದಳು. ಹೊಲಿಗೆಯಿಂದ ಸಂಸಾರ ಸಾಗಿಸುವವಳು. ಮಗಳಿಗೆ ಹತ್ತನೆಯ ತರಗತಿ, ಮನೆಪಾಠಕ್ಕೆ ಹಣವಿಲ್ಲ. “ನಿಮ್ಮ ಪಾಠ ಅಂತರ್ಜಾಲದಲ್ಲಿದೆಯೆಂದು ಕೇಳಿ ಎರಡು ರಾತ್ರಿ ಹುಡುಕಿದೆವು, ಮೇಷ್ಟ್ರೇ, ಸಿಕ್ಕಲಿಲ್ಲ. ಕೊನೆಗೆ ಯಾರೋ ವಿಳಾಸ ಕೊಟ್ಟರು. ಫೋನಿನಲ್ಲಿ ತೆರೆದರೆ ನಿಮ್ಮ ಚಿತ್ರ ಅರ್ಧ ಬಂದು ನಿಂತುಹೋಯಿತು” ಎಂದಳು. ಪರೀಕ್ಷೆ ಆಗಲೇ ಮುಗಿದಿತ್ತು. ಅವಳು ನಕ್ಕಳು, ನನಗೆ ನಗು ಬರಲಿಲ್ಲ.

ನೆರೆಮನೆಯ ತರುಣನನ್ನು ಕರೆದು ಕಾರಣ ಕೇಳಿದೆನು. ಅವನು ಹೇಳಿದುದಿಷ್ಟು: ಆ ಹಳೆಯ ಅಕ್ಷರಶೈಲಿಯು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ರೋಮನ್ ಸಂಕೇತಗಳ ಗೋಜಲು, ಕನ್ನಡದಲ್ಲಿ ಹುಡುಕಿದವರಿಗೆ ಅದು ದೊರೆಯದು. ಯೂನಿಕೋಡ್ ವ್ಯವಸ್ಥೆಯು ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತಿದೆ, ಅದನ್ನೇ ಬಳಸಬೇಕು. ಪಾಠವು ಚಿತ್ರವಾಗಿರದೆ ಅಕ್ಷರವಾಗಿರಬೇಕು. ಚಿತ್ರ ಬೇಕೇ ಬೇಕಾದರೆ ಗಾತ್ರ ಕುಗ್ಗಿಸಿ, ಅದರಲ್ಲೇನಿದೆಯೆಂದು ಮಾತಿನಲ್ಲಿಯೂ ಬರೆಯಬೇಕು. ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುತ್ತದೆ. ಪುಟದ ಮುಖ್ಯಭಾಗವು ೨.೫ ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಗೂಗಲ್ ಸಂಸ್ಥೆಯವರು ಹೇಳುವ ಪ್ರಮಾಣವಂತೆ.

ಕೇಳುತ್ತಿದ್ದಂತೆ ನನಗೆ ಲಜ್ಜೆಯಾಯಿತು. ಶಾಸ್ತ್ರಗ್ರಂಥದ ಆರಂಭದಲ್ಲಿ ಅನುಬಂಧಚತುಷ್ಟಯವನ್ನು ತಿಳಿಸಬೇಕೆಂದು ಮಕ್ಕಳಿಗೆ ಬೋಧಿಸಿದವನು ನಾನೇ ಅಲ್ಲವೆ! ವಿಷಯವೇನು, ಪ್ರಯೋಜನವೇನು, ಅಧಿಕಾರಿ ಯಾರು, ಇವುಗಳ ಸಂಬಂಧವೇನು? ನನ್ನ ಪುಟದಲ್ಲಿ ಇವು ನಾಲ್ಕೂ ಇರಲಿಲ್ಲ, ನಾನೊಬ್ಬನೇ ಇದ್ದೆನು.

ಇಬ್ಬರೂ ಕುಳಿತು ತಿದ್ದಿದೆವು. ‘ಸ್ವಾಗತ’ವು ಹೋಗಿ ‘ಹತ್ತನೆಯ ತರಗತಿಯ ಸಂಸ್ಕೃತ ಶಬ್ದರೂಪಗಳು, ಕನ್ನಡ ವಿವರಣೆಯೊಡನೆ’ ಎಂಬ ಶೀರ್ಷಿಕೆ ಬಂದಿತು. ಒಂದೊಂದು ಶಬ್ದಕ್ಕೂ ಉಪಶೀರ್ಷಿಕೆ, ಪಾಠದಿಂದ ಪಾಠಕ್ಕೆ ಕೊಂಡಿ. ನನ್ನ ವೃತ್ತಾಂತವು ಎರಡು ಸಾಲಾಗಿ ಕೊನೆಗಿಳಿಯಿತು. ‘ಸಂಸ್ಕೃತ’ವೆಂಬ ಪದವನ್ನು ನೂರು ಸಲ ತುರುಕಿದರೆ ಬೇಗ ಸಿಕ್ಕೀತೆ ಎಂದು ಕೇಳಿದೆನು. “ಅದು ಮೋಸವೆಂದು ಯಂತ್ರವೂ ಬಲ್ಲದು, ಮೊದಲ ಸ್ಥಾನವನ್ನು ಯಾರೂ ವಾಗ್ದಾನ ಮಾಡಲಾರರು” ಎಂದನು.

ಕೆಲವು ತಿಂಗಳ ಮೇಲೆ, ನಾನರಿಯದ ಊರಿನಿಂದ ಬಾಲಕನೊಬ್ಬನ ಓಲೆ ಬಂದಿತು: “ಗುರುಶಬ್ದದ ತೃತೀಯಾ ಏಕವಚನವನ್ನು ‘ಗುರುನಾ’ ಎಂದು ಬರೆದಿದ್ದೀರಿ. ‘ಗುರುಣಾ’ ಎಂದಿರಬೇಕಲ್ಲವೆ?” ಹೌದು, ಗುರುವಿನಿಂದಲೇ ತಪ್ಪಾಗಿತ್ತು. ಒಡನೆಯೇ ತಿದ್ದಿದೆನು. ತಪ್ಪು ಹಿಡಿಯಬೇಕಾದರೆ ಅವನು ಪುಟವನ್ನು ಕಂಡು, ಓದಿರಬೇಕಷ್ಟೆ! ಆ ಸಂಜೆಯೇ ಹೊಲಿಗೆಯವಳ ಮನೆಗೆ ಹೋಗಿ, ಅವಳ ಫೋನಿನಲ್ಲಿಯೇ ಪುಟವನ್ನು ಹುಡುಕಿ ತೆರೆಯಿಸಿ ನೋಡಿ ಬಂದೆನು. ಅವಳ ಕಿರಿಯ ಮಗನು ಈಗ ಎಂಟನೆಯ ತರಗತಿ.